ಬಸುರಿಗೆ ವ್ಯಾಯಾಮ: ತಾಯಿ ಕಾರ್ಡಿನಿಂದ ತಾರಸಿವರೆಗೆ

ನನ್ನ ಎರಡನೇ ಬಸಿರಿನ ಐದನೇ ತಿಂಗಳು. ನಮ್ಮ ತಾರಸಿಯ ಮೇಲೆ ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ 28 ಹೆಜ್ಜೆ. ತಿರುಗಿದರೆ ಮತ್ತೆ 28. ಪಕ್ಕದ ಮನೆ ಅಜ್ಜಿ ಹಪ್ಪಳ ಒಣಗಿಸುತ್ತಾ ನೋಡುವಷ್ಟು ನೋಡಿ ಕೊನೆಗೆ ಕೇಳಿಯೇ ಬಿಟ್ಟರು: "ಯಾಕವ್ವಾ, ಏನಾದ್ರೂ ಕಳಕೊಂಡಿದ್ದೀಯಾ?" ವಾಕಿಂಗ್ ಅಜ್ಜಿ ಅಂದೆ. "ಬಸುರಿ ಹೆಂಗಸಿಗೆ ಎಂಥಾ ವಾಕಿಂಗು, ಕೆಳಗೆ ಹೋಗಿ ಮಲಗು" ಅಂದರು. ತಮಾಷೆ ಅಂದರೆ, ತಾವು ದಿನ ತುಂಬುವವರೆಗೂ ಬಾವಿಯಿಂದ ನೀರು ಸೇದಿದ್ದನ್ನು, ಒಳಕಲ್ಲಿನಲ್ಲಿ ರುಬ್ಬಿದ್ದನ್ನು ನನಗೆ ಹತ್ತು ಸಲ ಹೇಳಿದ್ದವರೂ ಅವರೇ.

ಬಸುರಿಗೆ ನಮ್ಮಲ್ಲಿ ಸಿಗುವುದು ಎರಡೇ ಸಲಹೆ. ಒಂದು, ಅಲುಗಾಡಬೇಡ. ಇನ್ನೊಂದು, ಕೆಲಸ ಮಾಡ್ತಾ ಇರು, ನಾರ್ಮಲ್ ಆಗುತ್ತೆ. ಒಂದೇ ಮನೆಯಲ್ಲಿ ಒಂದೇ ದಿನ ಎರಡೂ ಕೇಳಿಬರುತ್ತವೆ. ವ್ಯಾಯಾಮ ಒಳ್ಳೆಯದು ಅನ್ನುವುದು ಈಗ ಬಹಳ ಹೆಂಗಸರಿಗೆ ಗೊತ್ತು, ಮೊಬೈಲ್ ತೆಗೆದರೆ ವೀಡಿಯೋಗಳೂ ಬೇಕಾದಷ್ಟಿವೆ. ಆದರೆ ನಾನು ಮಾಡಬಹುದಾ, ಎಷ್ಟು ಮಾಡಬಹುದು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ಹಾಗಾಗಿ ಗೊತ್ತಿದ್ದೂ ಮಾಡುವುದಿಲ್ಲ. ನಾನೂ ಮೊದಲ ಸಲ ಮಾಡಲಿಲ್ಲ. ಮಲಗಿ ಮಲಗಿ ಬೆನ್ನು ಹಿಡಿದುಕೊಂಡಿತು, ಅಷ್ಟೇ.

ಮೊದಲು ತಾಯಿ ಕಾರ್ಡ್ ತೆಗೆಯಿರಿ

ಶೂ ಆಮೇಲೆ. ಆಶಾ ಕಾರ್ಯಕರ್ತೆಯೋ ನರ್ಸೋ ಕೊಟ್ಟ ತಾಯಿ ಕಾರ್ಡ್ ಬೀರುವಿನಲ್ಲಿ ಸೀರೆ ಅಡಿ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಅದರಲ್ಲಿ ನಿಮ್ಮ ಬಿಪಿ, ತೂಕ, ಹಿಮೋಗ್ಲೋಬಿನ್ ಬರೆದಿರುತ್ತದೆ. ಪಕ್ಕದಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇಟ್ಟುಕೊಳ್ಳಿ. ನಿಮಗೆ ವ್ಯಾಯಾಮ ಆಗುತ್ತದೋ ಇಲ್ಲವೋ ಅನ್ನುವುದು ಮುಖ್ಯವಾಗಿ ಈ ಎರಡರಿಂದಲೇ ತೀರ್ಮಾನ ಆಗುವುದು.

ಗರ್ಭಕೋಶದ ಬಾಯಿ ಸಡಿಲ ಇದೆ ಅಂತ ಹೊಲಿಗೆ ಹಾಕಿದ್ದರೆ, ರಕ್ತ ಹೋಗುತ್ತಿದ್ದರೆ, ಆರು ತಿಂಗಳು ಕಳೆದ ಮೇಲೂ ಮಾಸು ಕೆಳಗೇ ಇದ್ದು ಬಾಯಿ ಮುಚ್ಚಿಕೊಂಡಿದೆ ಅಂತ ರಿಪೋರ್ಟ್ ಹೇಳಿದರೆ, ಬಸಿರಿನಿಂದಲೇ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ದಿನ ತುಂಬುವ ಮುಂಚೆ ನೋವು ಬಂದಿದ್ದರೆ ಅಥವಾ ನೀರು ಹೋಗಿದ್ದರೆ, ಹೃದಯದ ಅಥವಾ ಶ್ವಾಸಕೋಶದ ದೊಡ್ಡ ತೊಂದರೆ ಇದ್ದರೆ, ಈ ಲೇಖನ ನಿಮಗಲ್ಲ. ಅವಳಿ ಮಕ್ಕಳಿದ್ದರೂ ಡಾಕ್ಟರು ಹೇಳಿದ ಹಾಗೇ ನಡೆಯಿರಿ.

ರಕ್ತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಇಬ್ಬರಲ್ಲಿ ಒಬ್ಬರಿಗೆ. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು. 7ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ, ಆಗ ವ್ಯಾಯಾಮದ ಮಾತು ಬೇಡ, ಮೊದಲು ಚಿಕಿತ್ಸೆ. ಮಧ್ಯದಲ್ಲಿದ್ದರೆ ಡಾಕ್ಟರನ್ನು ಕೇಳಿ ನಿಧಾನವಾಗಿ ನಡೆಯಬಹುದು, ಆದರೆ ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ, ರಕ್ತ ಕಡಿಮೆ ಇರುವುದರಿಂದಲೂ ಹಾಗಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ಮಾತ್ರ ನುಂಗಬೇಡಿ. ಸುಮ್ನೆ ದಂಡ, ಮೈಗೆ ಸರಿಯಾಗಿ ಹತ್ತುವುದಿಲ್ಲ.

ಡಾಕ್ಟರಿಗೆ ಕೇಳಬೇಕಾದ ಒಂದೇ ಪ್ರಶ್ನೆ

ಓಪಿಡಿಯಲ್ಲಿ ನಮಗೆ ಸಿಗುವುದೇ ಎರಡು ಮೂರು ನಿಮಿಷ. "ವ್ಯಾಯಾಮ ಮಾಡಬಹುದಾ ಮೇಡಂ?" ಅಂತ ಕೇಳಿದರೆ "ಹ್ಞೂಂ, ವಾಕಿಂಗ್ ಮಾಡಿ" ಅಂತ ಉತ್ತರ ಬಂದು ಮುಂದಿನ ಪೇಷೆಂಟ್ ಒಳಗೆ ಬಂದಾಗಿರುತ್ತದೆ. ಹೀಗೆ ಕೇಳಿ ನೋಡಿ: "ಮೇಡಂ, ನಾನು ದಿನಾ ಅರ್ಧ ಗಂಟೆ ಸ್ವಲ್ಪ ಬಿರುಸಾಗಿ ನಡೆಯಬಹುದಾ? ಬೇಡ ಅಂದರೆ ಯಾಕೆ, ಎಷ್ಟು ದಿನ?" ಈ 'ಯಾಕೆ, ಎಷ್ಟು ದಿನ' ಬಹಳ ಮುಖ್ಯ.

ನನಗೆ ಮೊದಲ ಸಲ ಬೆಡ್ ರೆಸ್ಟ್ ಅಂತ ಬರೆದುಕೊಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ವಾರಕ್ಕೆ ಹೇಳಿದ್ದು ಐದು ತಿಂಗಳು ಎಳೆಯಿತು, ಯಾಕೆಂದರೆ ಮನೆಯಲ್ಲಿ ಯಾರೂ ಅದನ್ನು ವಾಪಸ್ ತೆಗೆಯಲು ತಯಾರಿರಲಿಲ್ಲ. ಸುಮ್ಮನೆ ಮಲಗಿದ್ದರೆ ಗರ್ಭಪಾತವಾಗಲಿ, ಅವಧಿಗೆ ಮುಂಚಿನ ಹೆರಿಗೆಯಾಗಲಿ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬದಲಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ, ಸ್ನಾಯು ಸೊರಗುತ್ತದೆ. ಹಾಗಂತ ಡಾಕ್ಟರು ರೆಸ್ಟ್ ಹೇಳಿದಾಗ ನೀವೇ ಎದ್ದು ಓಡಾಡಿ ಅಂತ ನಾನು ಹೇಳುತ್ತಿಲ್ಲ. ಕೇಳಿ ಅಂತ ಹೇಳುತ್ತಿದ್ದೇನೆ.

ದುಡ್ಡಿನ ಯೋಚನೆ ಇದ್ದರೆ, ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅದು. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಸಾಧ್ಯವಾದರೆ ಅತ್ತೆಯನ್ನೋ ಗಂಡನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಅವರು ಕೇಳಲಿ. ನೀವು ಮನೆಗೆ ಬಂದು ಹತ್ತು ಸಲ ಹೇಳುವುದೂ ಅವರು ಒಂದು ಸಲ ಕೇಳುವುದೂ ಒಂದೇ ಅಲ್ಲ.

"ಏನಾದರೂ ಆಗಿಬಿಟ್ಟರೆ?"

ಬಹಳ ಹೆಂಗಸರನ್ನು ಹಿಡಿದು ಕೂರಿಸುವುದು ಈ ಭಯ. ಅದರಲ್ಲೂ ಮೊದಲ ಮೂರು ತಿಂಗಳು. ಆದರೆ ಶುರುವಿನ ತಿಂಗಳುಗಳಲ್ಲೇ ನಿಲ್ಲದೆ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ದೋಷ. ಮೆಟ್ಟಿಲು ಹತ್ತಿದ್ದು ಅಲ್ಲ, ಕೈ ಎತ್ತಿ ಬಟ್ಟೆ ಹರವಿದ್ದೂ ಅಲ್ಲ. ಹೀಗೆ ಕಳೆದುಕೊಂಡ ಎಷ್ಟೋ ಹೆಂಗಸರು ಅವತ್ತು ತಾನು ಬಕೆಟ್ ಎತ್ತಿದ್ದನ್ನೇ ನೆನೆಸಿಕೊಂಡು ವರ್ಷಗಟ್ಟಲೆ ಕೊರಗುತ್ತಾರೆ. ಅದು ಬೇಡ. ಆರೋಗ್ಯವಾಗಿರುವ ಬಸುರಿ ಹದವಾಗಿ ವ್ಯಾಯಾಮ ಮಾಡಿದರೆ ಗರ್ಭಪಾತದ ಅಪಾಯವಾಗಲಿ, ದಿನಕ್ಕೆ ಮುಂಚೆ ಹೆರಿಗೆಯಾಗುವ ಅಪಾಯವಾಗಲಿ ಹೆಚ್ಚುವುದಿಲ್ಲ. ಬಸಿರಿನ ಸಕ್ಕರೆ ಕಾಯಿಲೆ, ಬಿಪಿ, ಅತಿಯಾಗಿ ತೂಕ ಏರುವುದು, ಇವೆಲ್ಲ ಕಡಿಮೆಯಾಗುವ ಸಾಧ್ಯತೆ ಇದೆ.

ಮೊದಲ ಮೂರು ತಿಂಗಳು ವಾಂತಿ, ಸುಸ್ತು ಇದ್ದರೆ ಮಾತ್ರ ಹಠ ಮಾಡಬೇಡಿ. ಹೊಟ್ಟೆಯಲ್ಲಿ ನೀರೂ ನಿಲ್ಲದಿರುವಾಗ ಯಾರಾದರೂ ವಾಕಿಂಗ್ ಹೋಗುತ್ತಾರಾ? ನಾಲ್ಕನೇ ತಿಂಗಳಿಗೆ ಶುರು ಮಾಡಿದರೂ ತಡವೇನಲ್ಲ.

ಹತ್ತು ನಿಮಿಷದಿಂದ ಶುರು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ, ಹದವಾದ ವ್ಯಾಯಾಮ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಒಂದೇ ಸಲಕ್ಕೆ ಮಾಡಬೇಕು ಅಂತೇನಿಲ್ಲ, ಬೆಳಿಗ್ಗೆ ಹತ್ತು, ಊಟ ಆದ ಮೇಲೆ ಹತ್ತು, ಸಂಜೆ ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಇದುವರೆಗೆ ಏನೂ ಮಾಡದವರು ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ನಡೆಯಿರಿ. ಎರಡನೇ ವಾರ ಹದಿನೈದು. ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಗಂಟೆ ತಾನಾಗಿಯೇ ಬರುತ್ತದೆ.

ಎಷ್ಟು ಬಿರುಸು? ಪಕ್ಕದಲ್ಲಿರುವವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದರೆ ಜಾಸ್ತಿ ಆಯಿತು ಅಂತ ತಿಳಿಯಿರಿ. ಎದೆಬಡಿತ 140 ದಾಟಬಾರದು ಅಂತ ಈಗಲೂ ಕೆಲವರು ಹೇಳುತ್ತಾರೆ. ಅಮೆರಿಕದ ಹೆರಿಗೆ ತಜ್ಞರ ಸಂಘ 1985ರಲ್ಲಿ ಹಾಕಿದ್ದ ನಿಯಮ ಅದು, 1994ರಲ್ಲಿ ಅವರೇ ಕೈಬಿಟ್ಟರು. ಬಿಟ್ಟ ಸುದ್ದಿ ಇನ್ನೂ ಎಲ್ಲರಿಗೂ ತಲುಪಿಲ್ಲ ಅಷ್ಟೇ. ವಾಚ್ ನೋಡುತ್ತಾ ಗಾಬರಿಯಾಗುವುದಕ್ಕಿಂತ ಮಾತಾಡಿ ನೋಡುವುದು ಸುಲಭ.

ಎಲ್ಲಿ ನಡೆಯುವುದು ಅನ್ನುವುದೇ ದೊಡ್ಡ ತಲೆನೋವು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಹತ್ತಿರ ಇದ್ದರೆ ಪುಣ್ಯ. ಎಲ್ಲರಿಗೂ ಆ ಭಾಗ್ಯ ಇಲ್ಲ. ಫುಟ್‌ಪಾತ್ ಕಲ್ಲು ಎದ್ದಿರುತ್ತದೆ, ಬೀದಿನಾಯಿ ಇರುತ್ತದೆ, ಹೊಟ್ಟೆ ಹೊತ್ತುಕೊಂಡು ಹೋಗುವವಳನ್ನು ಎಲ್ಲರೂ ತಿರುಗಿ ನೋಡುತ್ತಾರೆ. ಬಸಿರಿನಲ್ಲಿ ಸಂದುಗಳು ಸಡಿಲ ಆಗಿರುತ್ತವೆ, ಹೊಟ್ಟೆ ಮುಂದೆ ಬಂದು ಮೈತೂಕದ ಹದ ತಪ್ಪಿರುತ್ತದೆ, ಎಡವಿದರೆ ಸಾವರಿಸಿಕೊಳ್ಳುವುದು ಕಷ್ಟ. ಆದ್ದರಿಂದ ತಾರಸಿ, ಅಂಗಳ, ಶಾಲೆಯ ಮೈದಾನ, ದೇವಸ್ಥಾನದ ಪ್ರಾಕಾರ, ಯಾವುದಾದರೂ ಆಗಬಹುದು, ನೆಲ ಸಮ ಇರಲಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳಕ್ಕೆ ಇಳಿಯಲೇಬೇಡಿ, ಜಗಲಿಯಲ್ಲೇ ಆ ಕಡೆ ಈ ಕಡೆ ನಡೆಯಿರಿ. ಕಲಬುರಗಿ, ರಾಯಚೂರು ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಏರುವ ಮುಂಚೆ ಬೆಳಿಗ್ಗೆ ಆರಕ್ಕೇ ಮುಗಿಸಿಬಿಡಿ. ಬಸುರಿಯ ಮೈ ಅತಿಯಾಗಿ ಕಾಯಬಾರದು, ಅದರಲ್ಲೂ ಮೊದಲ ತಿಂಗಳುಗಳಲ್ಲಿ.

ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಅಥವಾ ಶೂ ಹಾಕಿ. ಕಾಲು ಊದುವುದರಿಂದ ಒಂದು ಸೈಜ್ ದೊಡ್ಡದೇ ಬೇಕಾಗಬಹುದು. ಸೀರೆಯಾದರೆ ನೆರಿಗೆ ಪಾದಕ್ಕೆ ಸಿಗದಷ್ಟು ಮೇಲೆ ಉಡಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಒಂದು ಬಾಳೆಹಣ್ಣಾದರೂ ತಿನ್ನಿ, ನೀರು ಜೊತೆಯಲ್ಲಿರಲಿ.

ಮನೆಯೊಳಗೆ ಮಾಡುವಂಥವು

ನಡಿಗೆ ಒಂದೇ ಸಾಕಾಗುವುದಿಲ್ಲ. ಬೆನ್ನು, ತೊಡೆ, ಕೆಳಹೊಟ್ಟೆಯ ತಳ, ಇವು ಮೂರೂ ಗಟ್ಟಿ ಇರಬೇಕು.

ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈ ಊರದೆ ನಿಧಾನವಾಗಿ ಎದ್ದು, ಮತ್ತೆ ನಿಧಾನವಾಗಿ ಕೂರಿ. ಹತ್ತು ಸಲ. ಸುಲಭ ಅನಿಸುತ್ತದೆ, ಏಳನೆಯದಕ್ಕೆ ತೊಡೆ ಹೇಳುತ್ತದೆ. ಆಮೇಲೆ ಗೋಡೆಗೆ ಎದುರಾಗಿ ಒಂದು ತೋಳಿನಷ್ಟು ದೂರ ನಿಂತು, ಅಂಗೈ ಊರಿ, ಮೊಣಕೈ ಮಡಚಿ ಮುಂದೆ ಬಾಗಿ ಹಿಂದೆ ಬನ್ನಿ. ಅದೂ ಹತ್ತು ಸಲ.

ಬೆನ್ನುನೋವಿಗೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾರ್ಜಾಲಾಸನ. ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆನೆ ಆಟ ಆಡುವಾಗ ಹೇಗೆ ನಾಲ್ಕು ಕಾಲಲ್ಲಿ ನಿಲ್ಲುತ್ತೇವೋ ಹಾಗೆ ನಿಲ್ಲುವುದು. ಉಸಿರು ಬಿಡುತ್ತಾ ಬೆನ್ನನ್ನು ಮೇಲಕ್ಕೆ ಗೂನು ಮಾಡಿ, ಉಸಿರು ತಗೊಳ್ಳುತ್ತಾ ಮತ್ತೆ ಸಮಕ್ಕೆ ತನ್ನಿ. ಬೆನ್ನು ಕೆಳಕ್ಕೆ ಜೋತುಬೀಳುವಷ್ಟು ಬಿಡಬೇಡಿ. ಮಂಡಿ ಕೆಳಗೆ ಕಂಬಳಿ ಮಡಚಿ ಹಾಕಿಕೊಳ್ಳಿ. ಕೂತು ಪಾದಗಳನ್ನು ಜೋಡಿಸಿ ಮಂಡಿ ಅಗಲಿಸುವ ಬದ್ಧಕೋನಾಸನವೂ ಒಳ್ಳೆಯದೇ. ಆದರೆ ತೊಡೆಸಂದಿಯ ಮುಂದಿನ ಮೂಳೆಯಲ್ಲಿ ನೋವಿದ್ದರೆ ಅದನ್ನು ಬಿಟ್ಟುಬಿಡಿ.

ಇನ್ನೊಂದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೀನಿದರೆ, ನಕ್ಕರೆ ಒಂದೆರಡು ಹನಿ ಮೂತ್ರ ಹೋಗುವುದು. ಹೆಂಗಸರು ಇದನ್ನು ಹೆರಿಗೆಯ ಜೊತೆ ಬರುವ ಕರ್ಮ ಅಂದುಕೊಂಡು ಸುಮ್ಮನಿರುತ್ತಾರೆ. ಕೆಳಗಿನ ಸ್ನಾಯುಗಳನ್ನು ಬಿಗಿ ಮಾಡುವ ವ್ಯಾಯಾಮ ಇದಕ್ಕೇ ಇರುವುದು. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆದುಕೊಳ್ಳುವ ಹಾಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಐದು ಎಣಿಸಿ, ಪೂರ್ತಿ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ, ಪೃಷ್ಠ ಬಿಗಿ ಮಾಡಬೇಡಿ. ನಿಜವಾಗಿ ಮೂತ್ರಕ್ಕೆ ಕೂತಾಗ ತಡೆದು ತಡೆದು ಅಭ್ಯಾಸ ಮಾಡಬೇಡಿ. ಬಸ್ಸಿನಲ್ಲಿ ಕೂತೂ ಮಾಡಬಹುದು, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಬಿಟ್ಟಿ ವ್ಯಾಯಾಮ!

ಐದನೇ ತಿಂಗಳು ಕಳೆದ ಮೇಲೆ ಅಂಗಾತ ಮಲಗಿ ಮಾಡುವ ಯಾವುದೂ ಬೇಡ. ಭಾರವಾದ ಗರ್ಭಕೋಶ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ತಲೆ ಸುತ್ತುತ್ತದೆ. ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವುದು, ಹೊಟ್ಟೆ ತಿರುಚುವ ಆಸನ, ತಲೆಕೆಳಗಾಗುವುದು, ಇವೂ ಬೇಡ. ಯೋಗ ಕ್ಲಾಸಿಗೆ ಸೇರಿದರೆ ಎಷ್ಟನೇ ತಿಂಗಳು ಅಂತ ಮೊದಲ ದಿನವೇ ಹೇಳಿ. ಬಿದ್ದರೆ ಏಟಾಗುವ ಆಟ, ಚೆಂಡು ಹೊಟ್ಟೆಗೆ ಬಡಿಯಬಹುದಾದ ಆಟ ಬಿಡಿ. ಈಜು ಬರುತ್ತದೆ, ಶುದ್ಧವಾದ ಕೊಳ ಇದೆ ಅಂದರೆ ಅದು ಬಹಳ ಒಳ್ಳೆಯದು. ನೀರಿನಲ್ಲಿ ಹೊಟ್ಟೆಯ ಭಾರವೇ ಗೊತ್ತಾಗುವುದಿಲ್ಲ.

"ಮನೆಕೆಲಸ ಮಾಡ್ತೀನಲ್ಲ, ಸಾಲದಾ?"

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನೀವು ದಿನವಿಡೀ ಏನು ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮಿಷನ್ ಮುಂದೆ ಕೂರುವವರು, ಕರಾವಳಿಯಲ್ಲಿ ಬೀಡಿ ಕಟ್ಟುವವರು, ಕಂಪ್ಯೂಟರ್ ಮುಂದೆ ಕೂರುವವರು ಸುಸ್ತಾಗುತ್ತಾರೆ ನಿಜ, ಆದರೆ ಮೈ ಕದಲಿರುವುದಿಲ್ಲ. ಇವರಿಗೆ ನಡಿಗೆ ಬೇಕೇ ಬೇಕು. ಗಂಟೆಗೊಮ್ಮೆ ಎದ್ದು ನೀರು ಕುಡಿಯುವ ನೆಪದಲ್ಲಾದರೂ ಎರಡು ನಿಮಿಷ ಓಡಾಡಿ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ.

ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವಳಿಗೆ, ಕಾಫಿ ತೋಟದಲ್ಲಿ ಇಳಿಜಾರು ಹತ್ತಿಳಿಯುವವಳಿಗೆ, ಕಟ್ಟಡದ ಕೆಲಸದಲ್ಲಿ ಜಲ್ಲಿ ಹೊರುವವಳಿಗೆ ಹೋಗಿ "ದಿನಾ ಅರ್ಧ ಗಂಟೆ ವಾಕ್ ಮಾಡಮ್ಮಾ" ಅನ್ನುವುದು ನಗೆಪಾಟಲು. ಅವಳಿಗೆ ಬೇಕಾದ್ದು ಭಾರ ಇಳಿಸುವುದು, ಮಧ್ಯಾಹ್ನ ಒಂದು ಗಂಟೆ ಮಗ್ಗುಲಾಗಿ ಮಲಗುವುದು, ಹೊಟ್ಟೆ ತುಂಬ ಊಟ. ಅವಳಿಗೆ ನಾನು ಹೇಳುವುದು ಎರಡೇ, ಕೆಳಸ್ನಾಯು ಬಿಗಿ ಮಾಡುವುದು ಮತ್ತು ಬೆನ್ನು ಸಡಿಲಿಸುವ ಆನೆ ಭಂಗಿ. ಜಾಗೃತಿ ಕಾರ್ಯಕ್ರಮಗಳಲ್ಲಿ ಎಲ್ಲರಿಗೂ ಒಂದೇ ಕರಪತ್ರ ಹಂಚುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ.

ಇನ್ನು ನೆಲ ಒರೆಸುವ ವಿಷಯ. ಕುಕ್ಕರಗಾಲಲ್ಲಿ ಕೂತು ನೆಲ ಒರೆಸಿದರೆ ನಾರ್ಮಲ್ ಡೆಲಿವರಿ ಗ್ಯಾರಂಟಿ ಅನ್ನುತ್ತಾರೆ. ತೊಡೆಗೆ, ಸೊಂಟಕ್ಕೆ ಒಳ್ಳೆಯ ಕೆಲಸವೇ, ಮಂಡಿ ನೋವಿಲ್ಲದಿದ್ದರೆ ಮಾಡಬಹುದು. ಆದರೆ ಮಗು ಹೇಗೆ ತಿರುಗಿದೆ, ಎಷ್ಟು ತೂಕ ಇದೆ, ಹೆರಿಗೆ ಹೊತ್ತಿಗೆ ಅದರ ಎದೆಬಡಿತ ಹೇಗಿದೆ, ಇವನ್ನೆಲ್ಲ ನೆಲ ಒರೆಸುವ ಬಟ್ಟೆ ತೀರ್ಮಾನಿಸುವುದಿಲ್ಲ. ಸಿಸೇರಿಯನ್ ಆದವಳಿಗೆ "ನೀನು ಕೆಲಸ ಮಾಡಲಿಲ್ಲ, ಅದಕ್ಕೇ" ಅಂತ ಚುಚ್ಚುವವರಿಗೆ ಇದನ್ನು ಓದಿ ಹೇಳಿ.

ಊಟದ ಬಗ್ಗೆಯೂ ಒಂದು ಮಾತು. ಇಬ್ಬರ ಪಾಲು ತಿನ್ನು ಅನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾದದ್ದು 350 ಕ್ಯಾಲೊರಿ. ಹೆಚ್ಚುಕಡಿಮೆ ಎರಡು ಚಪಾತಿ, ಒಂದು ಬಟ್ಟಲು ಬೇಳೆ. ಇಡೀ ಇನ್ನೊಂದು ಊಟ ಅಲ್ಲ. ಸಕ್ಕರೆ ಬಂದಿದೆ ಅಂತ ಹೇಳಿದ್ದರೆ ಪ್ರತಿ ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡೆದು ನೋಡಿ, ಊಟದ ನಂತರದ ಸಕ್ಕರೆ ಇಳಿಯಲು ಅದು ಸಹಾಯ ಮಾಡುತ್ತದೆ. ಇನ್ಸುಲಿನ್ ತಗೊಳ್ಳುವವರು ಸಕ್ಕರೆ ದಿಢೀರ್ ಇಳಿದರೆ ಬೇಕಾಗುತ್ತದೆ ಅಂತ ಜೊತೆಗೆ ಸಿಹಿ ಏನಾದರೂ ಇಟ್ಟುಕೊಂಡಿರಬೇಕು.

ಯಾವಾಗ ನಿಲ್ಲಿಸಬೇಕು

ಈ ಭಾಗವನ್ನು ಫೋಟೋ ತೆಗೆದು ಗಂಡನಿಗೂ ಕಳಿಸಿ. ರಕ್ತ ಕಂಡರೆ, ನೀರು ಹೋದ ಹಾಗೆ ಅನಿಸಿದರೆ, ಹೊಟ್ಟೆ ನೋವು ಬಂದರೆ ಅಥವಾ ಹೊಟ್ಟೆ ಬಿಟ್ಟು ಬಿಟ್ಟು ಬಿಗಿಹಿಡಿದು ನೋಯುತ್ತಿದ್ದರೆ, ಎದೆ ನೋವು ಬಂದರೆ, ಶುರು ಮಾಡುವ ಮುಂಚೆಯೇ ಉಸಿರು ಸಾಲದೆ ಇದ್ದರೆ, ತಲೆ ಸುತ್ತಿದರೆ, ತಡೆಯಲಾರದ ತಲೆನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108. ಮಗುವಿನ ಓಡಾಟ ಎಂದಿಗಿಂತ ಕಡಿಮೆ ಅನಿಸಿದರೂ ಅಷ್ಟೇ, ನಾಳೆ ನೋಡೋಣ ಅನ್ನಬೇಡಿ.

ತವರಿಗೆ ಹೋದ ಮೇಲೆ

ಏಳನೇ ತಿಂಗಳವರೆಗೆ ಚೆನ್ನಾಗಿ ನಡೆದುಬಂದ ಅಭ್ಯಾಸ ಸೀಮಂತ ಮುಗಿದು ತವರಿಗೆ ಹೋದ ಕೂಡಲೇ ನಿಂತುಬಿಡುತ್ತದೆ. ಅಮ್ಮನ ಮನೆಯಲ್ಲಿ ಕಾಲು ಕೆಳಗಿಡಲು ಬಿಡುವುದಿಲ್ಲ, ಕೈಗೇ ಹೋಳಿಗೆ ಬರುತ್ತದೆ. ತಿನ್ನಿ, ಬೇಡ ಅನ್ನುವವರು ಯಾರು. ಆದರೆ ಬ್ಯಾಗಿನಲ್ಲಿ ಶೂ ಹಾಕಿಕೊಂಡೇ ಹೋಗಿ, ಸಂಜೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೊರಡಿ. ಅವರಿಗೂ ಮಂಡಿನೋವು ಇರುತ್ತದೆ ಹೇಗೂ. ಕೊನೆಯ ತಿಂಗಳು ವೇಗ ತಾನಾಗಿಯೇ ಇಳಿಯುತ್ತದೆ, ಇಳಿಯಲಿ ಬಿಡಿ.

ಹೆರಿಗೆ ಆದ ಮೇಲೆ ಬಾಣಂತನದ ಲೆಕ್ಕ ಬೇರೆ. ತೊಂದರೆ ಇಲ್ಲದ ನಾರ್ಮಲ್ ಆಗಿದ್ದರೆ ಒಂದೆರಡು ದಿನದಲ್ಲೇ ಕೆಳಸ್ನಾಯು ಬಿಗಿ ಮಾಡುವುದನ್ನು ಮೆಲ್ಲಗೆ ಶುರು ಮಾಡಬಹುದು, ಮನೆಯೊಳಗೆ ಓಡಾಡಬಹುದು. ಸಿಸೇರಿಯನ್ ಆದವರೂ ಎದ್ದು ನಡೆದಾಡಬೇಕು, ರಕ್ತ ಹೆಪ್ಪುಗಟ್ಟದಿರಲು ಅದು ಬೇಕು, ಆದರೆ ಮಗುವಿಗಿಂತ ಭಾರದ್ದನ್ನು ಎತ್ತುವುದು, ಹೊಟ್ಟೆಗೆ ಬಿಗಿಯಾಗುವ ವ್ಯಾಯಾಮ ಮಾಡುವುದು ಆರು ವಾರದ ತಪಾಸಣೆ ಆಗುವ ತನಕ ಬೇಡ. ಯಾವುದು ಯಾವಾಗ ಅಂತ ಡಿಸ್ಚಾರ್ಜ್ ಆಗುವ ದಿನವೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಮನೆಗೆ ಬಂದ ಮೇಲೆ ಕೇಳಿದರೆ ಉತ್ತರ ಕೊಡಲು ಹಪ್ಪಳದ ಅಜ್ಜಿ ಕಾಯುತ್ತಾ ಕೂತಿರುತ್ತಾರೆ.